ಬಾಗಿನವಿಲ್ಲದ ಗೊಂಬೆ ಹಬ್ಬ

ಹಬ್ಬದ ಆಟ ಮಾಡಲು ಹೊರಟವರಿಗೆ ಗಡುವು ಕೊಡುವುದು ಪಂಚಾಂಗ. ಮಹಾಲಯ ಅಮಾವಾಸ್ಯೆಯ ಮರುದಿನ ಪಾಡ್ಯ. ಅಂದು ಮನೆಯಲ್ಲಿ ಗೊಂಬೆ ಕೂರುತ್ತದೆ, ಮೊಬೈಲಿನಲ್ಲೂ ಕೂರಬೇಕು. ವಿಜಯದಶಮಿ ಕಳೆದ ಮೇಲೆ ಗೊಂಬೆ ಹಬ್ಬದ ಆಟವನ್ನು ಯಾರು ತೆರೆಯುತ್ತಾರೆ? ಇದು ಗೊತ್ತಿದ್ದೂ, ಇದ್ದ ಸಮಯವನ್ನೆಲ್ಲ ನಾನು ಆಟಕ್ಕೆ ಬೇಡದ ಕಡೆ ಸುರಿದೆ.

ನನ್ನ ಯೋಚನೆ ಸರಳವಾಗಿಯೇ ಇತ್ತು. ಪರದೆಯ ಮೇಲೆ ಮೂರು, ಐದು, ಏಳು, ಒಂಬತ್ತು ಹೀಗೆ ಬೆಸಸಂಖ್ಯೆಯ ಮೆಟ್ಟಿಲು. ಕೆಳಗೊಂದು ಪೆಟ್ಟಿಗೆ. ಅದರಿಂದ ಗೊಂಬೆಯನ್ನು ಬೆರಳಲ್ಲಿ ಎಳೆದು ಮೆಟ್ಟಿಲ ಮೇಲೆ ಕೂರಿಸಬೇಕು. ಮೈಸೂರು ಕಡೆಯ ಮನೆಗಳಲ್ಲಿರುವಂತೆ ಮೇಲೆ ರಾಜ-ರಾಣಿಯ ಪಟ್ಟದ ಗೊಂಬೆ, ಕೆಳಗೆ ದಸರಾ ಮೆರವಣಿಗೆ, ದಿನಸಿ ಹರವಿಕೊಂಡು ಕೂತ ಶೆಟ್ಟಿ-ಶೆಟ್ಟಮ್ಮ, ನೆಲದ ಮೇಲೆ ರಾಗಿ ಮೊಳಕೆ ಬರಿಸಿದ ಪಾರ್ಕು. ಇಷ್ಟರಲ್ಲೇ ನಿಲ್ಲಿಸಬಹುದಿತ್ತು. ಬರೀ ಜೋಡಿಸಿದರೆ ಆಟ ಹೇಗಾಗುತ್ತದೆ ಎಂಬ ಅಳುಕು ಹುಟ್ಟಿ ಅಂಕ, ಗಡಿಯಾರ, ಸರಿ-ತಪ್ಪು ಎಲ್ಲ ತಂದೆ. ನಿಯಮ ಬಂದ ಮೇಲೆ ವಿವರಣೆ ಬೇಕಲ್ಲ, ಪ್ರತಿ ಗೊಂಬೆಗೂ ಒಂದೊಂದು ಪ್ಯಾರಾ ಬರೆದೆ.

ಆ ಬರಹವೇ ನನ್ನನ್ನು ಕಟ್ಟಿಹಾಕಿತು. ಯೂನಿಕೋಡಿನಲ್ಲಿ ‘ಟ್ಟ’ ಎಂದರೆ ಟ, ಹಲಂತ, ಮತ್ತೊಂದು ಟ, ಒಟ್ಟು ಮೂರು ಸಂಕೇತ. ಅವನ್ನು ಸೇರಿಸಿ ಒತ್ತನ್ನು ಕೆಳಗೆ ಕೂರಿಸಲು ಹಾರ್ಫ್‌ಬಝ್‌ನಂಥ ಪ್ರತ್ಯೇಕ ತಂತ್ರಾಂಶ ಬೇಕು. ನಾನು ಬಳಸಿದ ಗೋಡೋ ಎಂಬ ಗೇಮ್ ಎಂಜಿನ್ನಿನ ಹಳೆಯ ಆವೃತ್ತಿಯಲ್ಲಿ ಅದಿರಲಿಲ್ಲ. ‘ಪಟ್ಟದ ಗೊಂಬೆ’ ಎಂದು ಬರೆದರೆ ‘ಪಟ್‌ಟದ’ ಎಂದು ಒಡೆದು ಕಾಣುತ್ತಿತ್ತು. ಪ್ರತಿ ಸಾಲನ್ನೂ ಇಂಕ್‌ಸ್ಕೇಪಿನಲ್ಲಿ ಚಿತ್ರ ಮಾಡಿ ಅಂಟಿಸಿದೆ. ಒಂದು ಪದ ತಿದ್ದಿದರೂ ಚಿತ್ರ ಹೊಸದಾಗಿ ಆಗಬೇಕು. ರಾತ್ರಿಗಳು ಹಾಗೇ ಕಳೆದವು. (2023ರಲ್ಲಿ ಬಂದ ಗೋಡೋ 4ರಲ್ಲಿ ಈ ಜೋಡಣೆ ಒಳಗೇ ಇದೆ, ಈಗ ಶುರು ಮಾಡುವವರಿಗೆ ಆ ಪಾಡಿಲ್ಲ.) ಕನ್ನಡ ಒಡೆದು ಕಾಣಬಾರದೆಂಬ ಹಟ ತಪ್ಪೆಂದು ಇಂದಿಗೂ ಅನ್ನಿಸುವುದಿಲ್ಲ. ಅಷ್ಟೊಂದು ಬರಹ ಯಾಕೆ ಬೇಕಿತ್ತು ಎಂದು ಕೇಳಿಕೊಳ್ಳದೆ ಹೋದದ್ದು ತಪ್ಪು.

ನಾದಸ್ವರದ ಧ್ವನಿಯದು ಇನ್ನೊಂದು ಕಥೆ. ಸಂಕುಚಿಸದ ವೇವ್ ಕಡತವನ್ನು ಹಾಗೇ ಹಾಕಿದ್ದೆ. ಸಿಡಿ ಗುಣಮಟ್ಟದಲ್ಲಿ ಅದು ನಿಮಿಷಕ್ಕೆ ಸುಮಾರು 10 ಎಂಬಿ. ಸಂಕುಚಿಸಿದ್ದರೆ ಒಂದು ಎಂಬಿಗೆ ಇಳಿಯುತ್ತಿತ್ತು. ನೆಟ್‌ವರ್ಕ್ ಮಂದವಿದ್ದ ಊರುಗಳ ನೆಂಟರಿಗೆ ಬ್ರೌಸರಿನಲ್ಲಿ ಆಟದ ಪುಟವೇ ತೆರೆಯಲಿಲ್ಲ. ತೆರೆದವರಿಗೂ ವಾದ್ಯ ಕೇಳಿಸಲಿಲ್ಲ, ಯಾಕೆಂದರೆ ಬಳಸುವವರು ಒಮ್ಮೆಯಾದರೂ ಪರದೆ ಮುಟ್ಟುವವರೆಗೆ ಮೊಬೈಲ್ ಬ್ರೌಸರುಗಳು ಸದ್ದು ಹೊರಡಿಸುವುದಿಲ್ಲ. ‘ಶುರು’ ಎಂಬ ಒಂದು ಗುಂಡಿ ಇಟ್ಟಿದ್ದರೆ ಸಾಕಿತ್ತು.

ಇವೆಲ್ಲ ತಿದ್ದಬಹುದಾದ ದೋಷಗಳು. ನಿಜವಾದ ದೋಷವನ್ನು ತೋರಿಸಿದ್ದು ಅಕ್ಕನ ಮಗಳು, ಅದೂ ಪಾಡ್ಯದ ಸಂಜೆ. ಅದಕ್ಕೆ ಮೊದಲು ಆಟವನ್ನು ಯಾವ ಮಗುವಿನ ಕೈಗೂ ಕೊಟ್ಟಿರಲಿಲ್ಲ. ಅವಳು ಶೆಟ್ಟಿಯನ್ನು ಎತ್ತಿ ರಾಜನ ಪಕ್ಕದಲ್ಲೇ ಕೂರಿಸಿದಳು. ಕೆಂಪು ಗುರುತು ಬಿತ್ತು, ಅಂಕ ಇಳಿಯಿತು. “ಮಾಮ, ನಮ್ಮಜ್ಜಿ ಇಲ್ಲೇ ಇಡ್ತಾರೆ” ಎಂದಳು. ಮತ್ತೆ ಅಲ್ಲೇ ಇಟ್ಟಳು, ಮತ್ತೆ ಕೆಂಪು. ಒಬ್ಬೊಬ್ಬರ ಮನೆಯ ಕ್ರಮ ಒಂದೊಂದು ಎಂಬುದು ನನಗೆ ಗೊತ್ತಿರದ ಸಂಗತಿಯೇನಲ್ಲ. ಆದರೂ ಅವಳ ಅಜ್ಜಿಯ ಕ್ರಮವನ್ನು ತಪ್ಪೆನ್ನುವ ಯಂತ್ರವನ್ನು ನಾನೇ ಮಾಡಿಟ್ಟಿದ್ದೆ. ಹೇಗೋ ಕೊನೆಯ ಮೆಟ್ಟಿಲು ತುಂಬಿಸಿ ಅವಳು ಕೇಳಿದ್ದು ಒಂದೇ ಮಾತು: “ಬಾಗಿನ ಎಲ್ಲಿ?”

ಗೊಂಬೆ ನೋಡಲು ಬಂದ ಮಕ್ಕಳ ಕೈಗೆ ತಿಂಡಿ ಹಾಕುವುದೇ ಗೊಂಬೆ ಬಾಗಿನ. ಸಂಜೆ ಬೀದಿಯ ಮನೆಮನೆಗೂ ಗುಂಪು ಕಟ್ಟಿ ಹೋಗಿ, ಈ ಮನೆಯ ಚಕ್ಕುಲಿಯನ್ನೂ ಆ ಮನೆಯ ಕೊಬ್ಬರಿ ಮಿಠಾಯಿಯನ್ನೂ ಹೋಲಿಸುತ್ತ ತಿನ್ನುವುದೇ ಮಕ್ಕಳಿಗೆ ಹಬ್ಬ. ನನ್ನ ಆಟದಲ್ಲಿ ಮೆಟ್ಟಿಲಿತ್ತು, ಬರುವವರಿರಲಿಲ್ಲ. ಗೆದ್ದವರಿಗೆ ಸಂಖ್ಯೆಯೊಂದು ಸಿಗುತ್ತಿತ್ತು, ಅಷ್ಟೇ. ಆಯುಧಪೂಜೆಯ ಹೊತ್ತಿಗೆ ಆಡುವವರು ಬೆರಳೆಣಿಕೆಗೆ ಇಳಿದರು, ಆಮೇಲೆ ಅವರೂ ಇಲ್ಲ.

ಈಗ ಆಟವನ್ನು ಮತ್ತೆ ಬರೆಯುತ್ತಿದ್ದೇನೆ. ಅಂಕ ಇಲ್ಲ, ಗಡಿಯಾರ ಇಲ್ಲ, ಯಾವ ಗೊಂಬೆ ಎಲ್ಲಿ ಬೇಕಾದರೂ ಕೂರಬಹುದು. ಒಬ್ಬರು ಜೋಡಿಸಿದ್ದನ್ನು ಇನ್ನೊಬ್ಬರು ನೋಡಲು ಬರಬಹುದು, ಬಂದವರಿಗೆ ಬಾಗಿನ ಕೊಡಬಹುದು. ಮೊದಲು ಬರೆದು ಮುಗಿಸಿದ್ದು ಆ ಭಾಗವನ್ನೇ. ಗೌರಿ-ಗಣೇಶ ಹಬ್ಬಕ್ಕೆ ಮನೆಗೆ ಬರುವ ಮಕ್ಕಳ ಕೈಗೆ ಮೊಬೈಲು ಕೊಟ್ಟು, ಏನೂ ಹೇಳಿಕೊಡದೆ ಪಕ್ಕದಲ್ಲಿ ಕೂತು ನೋಡಬೇಕೆಂದಿದ್ದೇನೆ. ಅಲ್ಲಿಂದ ಪಾಡ್ಯಕ್ಕೆ ಮೂರು ವಾರಕ್ಕೂ ಹೆಚ್ಚು ಸಮಯ ಇರುತ್ತದೆ, ತಿದ್ದುವುದಕ್ಕೆ ಸಾಕು.