ವರ್ಗಮೂಲ

ಬ್ರಸೆಲ್ಸ್‌ನ ಗಾಯಕ ಸ್ತ್ರೊಮಾಯ್ 2009ರಲ್ಲಿ ಹೊರತಂದ ‘ಅಲೋರ್ ಆನ್ ದಾನ್ಸ್’ ಮರುವರ್ಷ ಯುರೋಪಿನ ಹಲವು ದೇಶಗಳಲ್ಲಿ ಮೊದಲ ಸ್ಥಾನಕ್ಕೇರಿತು. ಹಾಡು ಫ್ರೆಂಚ್‌ನಲ್ಲಿತ್ತು. ಸಾಲ, ವಿಚ್ಛೇದನ, ದಣಿವು, ಇವಕ್ಕೆ ಕೊನೆಯೇ ಇಲ್ಲ, ಇನ್ನೇನು, ಕುಣಿಯೋಣ ಎಂಬ ಹತಾಶೆಯ ಹಾಡು. ಜರ್ಮನಿಯಲ್ಲಿ, ರೊಮೇನಿಯಾದಲ್ಲಿ ಕುಣಿದ ಎಷ್ಟೋ ಜನರಿಗೆ ದಕ್ಕಿದ್ದು ತಾಳ ಮಾತ್ರ. ಅಮೆರಿಕದ ಕಾನ್ಯೆ ವೆಸ್ಟ್ ರೀಮಿಕ್ಸ್‌ಗೆ ದನಿಗೂಡಿಸಿದ್ದೂ ಆಯಿತು. ಇಂಥ ಗೆಲುವಿನ ನಂತರ ಪಾಪ್ ಲೋಕದಲ್ಲಿ ಮುಂದಿನ ಮೆಟ್ಟಿಲು ಸಾಮಾನ್ಯವಾಗಿ ಇಂಗ್ಲಿಷೇ.

ಆತ ಹತ್ತಿದ್ದು ಆ ಮೆಟ್ಟಿಲನ್ನಲ್ಲ. 2013ರಲ್ಲಿ ಬಂದ ಎರಡನೇ ಆಲ್ಬಂ ‘ರಾಸಿನ್ ಕಾರೆ’ ಫ್ರೆಂಚ್‌ನ ಇನ್ನೂ ಇಕ್ಕಟ್ಟಾದ ಓಣಿಗಳಿಗೆ ನುಗ್ಗಿತು. ಅಕ್ಷರ ಹಿಂದುಮುಂದಾಗಿಸುವುದು ಆತನಿಗೆ ಮೊದಲಿನಿಂದಲೂ ಇದ್ದ ಚಟ. ‘ಮಾಯೆಸ್ತ್ರೊ’ವನ್ನು ತಿರುಗಿಸಿದರೆ ಆತನ ಹೆಸರೇ ಸಿಗುತ್ತದೆ. ಈ ಆಲ್ಬಂನಲ್ಲಿ ಆ ಆಟಕ್ಕೆ ನೋವು ಬೆರೆಯಿತು. ‘ಫೋರ್ಮಿದಾಬ್ಲ್’ ಅಂದರೆ ಅಮೋಘ. ತುಸು ಬಿಡಿಸಿ ಅಂದರೆ ‘ಫೋರ್ ಮಿನಾಬ್ಲ್’, ತೀರಾ ಕನಿಷ್ಠ. ಹೊಗಳಿಕೆಗೂ ಬೈಗುಳಕ್ಕೂ ನಡುವೆ ಒಂದು ವ್ಯಂಜನದಷ್ಟೇ ಅಂತರ. ಅದರ ವಿಡಿಯೊಗಾಗಿ ಆತ ಬ್ರಸೆಲ್ಸ್‌ನ ಲೂಯಿಜ್ ಟ್ರಾಮ್ ನಿಲ್ದಾಣದ ಬಳಿ ಬೆಳಗಿನ ಹೊತ್ತು ಕುಡುಕನಂತೆ ತೂರಾಡಿದ. ಕ್ಯಾಮೆರಾಗಳು ಮರೆಯಲ್ಲಿದ್ದವು. ಪೊಲೀಸರು ಬಂದು ವಿಚಾರಿಸಿದರು, ದಾರಿಹೋಕರು ಮೊಬೈಲ್ ಎತ್ತಿ ಹಿಡಿದರು. ಮೊಬೈಲ್ ಎತ್ತಿದವರನ್ನು ನೋಡುವುದೇ ಆ ವಿಡಿಯೊದಲ್ಲಿ ಹೆಚ್ಚು ಕಷ್ಟ.

ಎಲ್ಲವೂ ಇದೇ ಮಟ್ಟದಲ್ಲಿಲ್ಲ ಅನ್ನಿ. ಬಿಜೆಯ ಒಪೆರಾ ರಾಗ ಎತ್ತಿಕೊಂಡು ಟ್ವಿಟರನ್ನು ಚುಚ್ಚುವ ‘ಕಾರ್ಮೆನ್’ ಜಾಣತನದ್ದು, ಆದರೆ ಉಪದೇಶದ ವಾಸನೆ ಹೊಡೆಯುತ್ತದೆ.

‘ಪಾಪಾಉತೆ’ಯ ಮಾತೇ ಬೇರೆ. ಅಪ್ಪಾ, ಎಲ್ಲಿದ್ದೀಯ ಎಂಬ ಪ್ರಶ್ನೆಯನ್ನು ಕಿವಿಗೆ ಕೇಳಿದಂತೆ ಒಂದೇ ಪದವಾಗಿ ಅಂಟಿಸಿದ ಶೀರ್ಷಿಕೆ ಅದು. ಮಗು ಕೂಗುವಾಗ ಪದಗಳ ನಡುವೆ ಜಾಗ ಬಿಡುವುದಿಲ್ಲವಲ್ಲ. ಕನ್ನಡಕ್ಕೆ ತರುವುದಾದರೆ ಲೋಪಸಂಧಿಯೇ ನೆರವಿಗೆ ಬರಬೇಕು: ‘ಅಪ್ಪೆಲ್ಲಿದ್ದೀಯ’. ಆತನ ತಾಯಿ ಬೆಲ್ಜಿಯಂನವರು, ತಂದೆ ರುವಾಂಡಾದ ವಾಸ್ತುಶಿಲ್ಪಿ. ಮಗನ ಬಾಲ್ಯದಲ್ಲಿ ಬಹುಪಾಲು ದೂರವೇ ಇದ್ದ ತಂದೆ 1994ರ ನರಮೇಧದಲ್ಲಿ ಕೊಲೆಯಾದರು. ಆಗ ಮಗನಿಗೆ ಒಂಬತ್ತು ವರ್ಷ. ವಿಡಿಯೊದಲ್ಲಿ ಅಪ್ಪ ಬಟ್ಟೆಯಂಗಡಿಯ ಬೊಂಬೆಯಂತೆ ಸೆಟೆದು ಕೂತಿರುತ್ತಾನೆ. ಕುಣಿಸಲು ಹೆಣಗಿ ಸೋತ ಹುಡುಗ ಕೊನೆಗೆ ಪಕ್ಕದಲ್ಲಿ ಕೂತು ತಾನೂ ಬೊಂಬೆಯಾಗುತ್ತಾನೆ.

ಆಲ್ಬಂನ ಹೆಸರಿನ ಅರ್ಥ ವರ್ಗಮೂಲ. ‘ರಾಸಿನ್’ ಎಂದರೆ ಬೇರು, ಹುಟ್ಟಿನ ಮೂಲವೂ ಹೌದು. ಹಾಡುಗಳ ಶ್ಲೇಷೆಗೆಲ್ಲ ಅನುವಾದಕರು ತಿಣುಕಬೇಕು. ಈ ಒಂದು ಹೆಸರಿಗೆ ಮಾತ್ರ ಕನ್ನಡದ ‘ಮೂಲ’ ಎರಡೂ ಅರ್ಥ ಹೊತ್ತು ಸಿದ್ಧವಾಗಿ ನಿಂತಿದೆ.

ಆಲ್ಬಂ ಫ್ರಾನ್ಸ್ ಒಂದರಲ್ಲೇ 20 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. 2015ರ ಅಕ್ಟೋಬರ್ 1ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆತ ಈ ಫ್ರೆಂಚ್ ಹಾಡುಗಳನ್ನೇ ಹಾಡಿದ. ಪ್ರವಾಸದ ಕಡೆಯ ಕಛೇರಿ ಎರಡು ವಾರದ ಬಳಿಕ ನಡೆದದ್ದು ಕಿಗಾಲಿಯಲ್ಲಿ, ಅಪ್ಪನ ದೇಶದಲ್ಲಿ.