ಮನೆಬಾಗಿಲಿಗೆ ಬಂದ ಕಾಯಿದೆ

ಕಾಯಿದೆಯು ತನಗೆ ತಿಳಿಯದೆಂಬ ಮಾತು ನ್ಯಾಯಸ್ಥಾನದಲ್ಲಿ ನೆವವಾಗಿ ನಿಲ್ಲಲಾರದು. ಹಾಗಿದ್ದ ಮೇಲೆ, ಪ್ರಜೆಗಳು ತಿಳಿದಿರಲೇಬೇಕಾದ ಕಾಯಿದೆಯು ಅವರ ಕೈಗೆಟಕುವಂತಿರಬೇಕಾದುದು ಧರ್ಮವಲ್ಲವೆ? ಬಹುಕಾಲ ಹಾಗಿರಲಿಲ್ಲ. ತೀರ್ಪುಗಳ ದಪ್ಪ ಸಂಪುಟಗಳು ವಕೀಲರ ಕಪಾಟುಗಳಲ್ಲಿರುತ್ತಿದ್ದವು. ಅವನ್ನು ಕೊಳ್ಳುವ ಶಕ್ತಿ ಸಾಮಾನ್ಯ ಸಂಸಾರಿಗೆಲ್ಲಿಯದು?

ಇದರ ಕಷ್ಟವನ್ನು ನಾವು ನಮ್ಮ ಯಲಹಂಕದ ಕಡೆಯಲ್ಲಿಯೇ ಕಂಡಿರುವೆವು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಅರ್ಕಾವತಿ ಬಡಾವಣೆಗಾಗಿ ಜಕ್ಕೂರು, ಥಣಿಸಂದ್ರ, ರಾಚೇನಹಳ್ಳಿ ಮೊದಲಾದ ಹದಿನಾರು ಹಳ್ಳಿಗಳ ನೆಲವನ್ನು ಸ್ವಾಧೀನಪಡಿಸಿಕೊಳ್ಳುವುದಾಗಿ 2003ರಲ್ಲಿ ಪ್ರಕಟಿಸಿತು. 2004ರಲ್ಲಿ 2,750 ಎಕರೆಗಳಿಗೆ ಅಂತಿಮ ಪ್ರಕಟಣೆ ಹೊರಟಿತು. ವ್ಯಾಜ್ಯವು ಉಚ್ಚ ನ್ಯಾಯಾಲಯವನ್ನು ದಾಟಿ ಸರ್ವೋಚ್ಚ ನ್ಯಾಯಾಲಯವನ್ನು ಸೇರಿ, 2010ರ ಮೇ 5ರಂದು ತೀರ್ಪಾಯಿತು.

ನಮ್ಮ ನೆರೆಯ ಹಿರಿಯ ವಿಧವೆಯೊಬ್ಬರಿಗೆ ಆ ಹಳ್ಳಿಗಳಲ್ಲೊಂದರಲ್ಲಿ ತುಂಡು ನೆಲವಿತ್ತು. “ಎಲ್ಲ ಹೋಯಿತಮ್ಮ, ಸಿಕ್ಕಿದಷ್ಟಕ್ಕೆ ಬಿಟ್ಟುಕೊಡಿ” ಎಂದನೊಬ್ಬ ದಲ್ಲಾಳಿ. “ಬಡಾವಣೆಯೇ ರದ್ದಾಯಿತಂತೆ ಅಕ್ಕಾ, ಚಿಂತೆ ಬಿಡಿ” ಎಂದರೊಬ್ಬ ನೆಂಟರು. ಆಕೆಯ ಮೊಮ್ಮಗಳು ಕಂಪ್ಯೂಟರಿನಲ್ಲಿ ಆ ತೀರ್ಪನ್ನೇ ತೆರೆದಳು. ಇಂಗ್ಲಿಷನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತ ನಾವೆಲ್ಲ ಕುಳಿತು ಓದಿದೆವು. ನ್ಯಾಯಾಲಯವು ಸ್ವಾಧೀನವನ್ನು ಎತ್ತಿಹಿಡಿದಿತ್ತು. ಆದರೆ ಕೆಲವು ಬಗೆಯ ಭೂಮಾಲೀಕರು ತಮ್ಮ ನೆಲವನ್ನು ಕೈಬಿಡುವಂತೆ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಲು ದಾರಿಯನ್ನೂ ಇಟ್ಟಿತ್ತು. ಇಬ್ಬರು ಹೇಳಿದುದೂ ನಿಜವಲ್ಲ! ಮರುದಿನ ಆಕೆ ವಕೀಲರಲ್ಲಿಗೆ ಹೋದರು. ಏನು ಕೇಳಬೇಕೆಂಬುದನ್ನು ಅರಿತು ಹೋದರು. ಇದಕ್ಕಾಗಿ ಪುಸ್ತಕದ ಬೆಲೆಯೆಂದು ಒಂದು ಕಾಸೂ ತೆರಬೇಕಾಗಲಿಲ್ಲ.

ಈ ಉಪಕಾರವು ತಾನಾಗಿ ಒದಗಿದುದಲ್ಲ. 1992ರಲ್ಲಿ ಅಮೆರಿಕೆಯ ಕಾರ್ನೆಲ್ ವಿಶ್ವವಿದ್ಯಾನಿಲಯದ ಕಾನೂನು ಶಾಲೆಯು ಕಾಯಿದೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಡಲಾರಂಭಿಸಿತು. 1995ರಲ್ಲಿ ಸಿಡ್ನಿಯ ಎರಡು ವಿಶ್ವವಿದ್ಯಾನಿಲಯಗಳು ಆಸ್ಟ್ರೇಲಿಯಕ್ಕಾಗಿ ಅದೇ ಕೆಲಸವನ್ನು ಕೈಗೊಂಡವು. 2002ರಲ್ಲಿ ಕೆನಡದ ಮಾಂಟ್ರಿಯಲ್ಲಿನಲ್ಲಿ ನೆರೆದ ಇಂಥ ಸಂಸ್ಥೆಗಳು, ಕಾಯಿದೆಯ ತಿಳಿವಳಿಕೆಯು ಮಾನವಕುಲದ ಸಾಮಾನ್ಯ ಸ್ವತ್ತೆಂದು ಸಾರಿದವು. ಹೀಗೆ ಪರದೇಶದಲ್ಲಿ ನೆಲಸಿದ ನಮ್ಮ ಮಕ್ಕಳೂ ಅಲ್ಲಿನ ಬಾಡಿಗೆಯ, ಕೂಲಿಯ ಕಾಯಿದೆಗಳನ್ನು ತಾವೇ ಓದಿಕೊಳ್ಳಬಹುದಾಗಿದೆ. ನಮ್ಮಲ್ಲಿ 2008ರಲ್ಲಿ ಸುಶಾಂತ್ ಸಿನ್ಹಾ ಎಂಬವರು ‘ಇಂಡಿಯನ್ ಕಾನೂನ್’ ಎಂಬ ಉಚಿತ ಭಂಡಾರವನ್ನು ತೆರೆದರು. 2023ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಾನೇ ತನ್ನ ತೀರ್ಪಿನ ವರದಿಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು.

ಇಷ್ಟಾದರೂ ಒಂದು ಕೊರತೆ ಉಳಿದಿದೆ. ತೀರ್ಪುಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಮೊಮ್ಮಗಳಿಲ್ಲದ ಮುದುಕಿಗೆ ಬಾಗಿಲು ತೆರೆದಿದ್ದರೂ ಒಳಗೆ ಕತ್ತಲೆ. 2024ರ ಡಿಸೆಂಬರಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯದ ಪೀಠವೊಂದು ಕನ್ನಡದಲ್ಲಿ ತೀರ್ಪು ಕೊಟ್ಟುದನ್ನು ಕೇಳಿ ನಮಗೆ ಸಂತೋಷವಾಯಿತು. ಅಂಥವು ಹೆಚ್ಚಲಿ. ಓದಿದ ಮಾತ್ರಕ್ಕೆ ವಕೀಲರ ಹಂಗು ತಪ್ಪದು, ದಿಟ; ಆದರೆ ದಲ್ಲಾಳಿಯ ಹಂಗು ತಪ್ಪುವುದು.

ನಮ್ಮ ವಾಚಕ ಸೋದರಿಯರಲ್ಲಿ ಒಂದು ಬಿನ್ನಹ: ತಂದೆಯ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟು ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ಹೇಳಿರುವುದು. ಬಿಡುವಾದೊಂದು ಸಂಜೆ ಮನೆಮಂದಿಯೆಲ್ಲ ಕುಳಿತು ಆ ತೀರ್ಪನ್ನು ಓದಿರಿ, ಗಂಡುಮಕ್ಕಳೂ ಜೊತೆಗಿರಲಿ.