ಎಲ್‌ಕೆಜಿಯ ತವರೂರು

ರೈಲುಡಬ್ಬಿಯನ್ನೇ ಹೊತ್ತುಕೊಂಡು ಬೆಟ್ಟ ಹತ್ತುವ ಗಾಡಿಯನ್ನು ನಾನು ಮೊದಲು ನೋಡಿದ್ದು ಜರ್ಮನಿಯ ತುರಿಂಗಿಯಾ ಕಾಡಿನಲ್ಲಿ. ಕೆಳಗಿನ ಸ್ಟೇಷನ್ನಿನ ಹೆಸರು ಒಬ್‌ಸ್ಟ್‌ಫೆಲ್ಡರ್‌ಶ್ಮೀಡೆ. ನಾಲಿಗೆ ಹೊರಳದೆ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಅಲ್ಲಿ ಚಪ್ಪಟೆ ವೇದಿಕೆಯಂಥ ಬಂಡಿಯ ಮೇಲೆ ಮಾಮೂಲಿ ರೈಲುಡಬ್ಬಿಯೊಂದನ್ನು ನಿಲ್ಲಿಸಿ, ಉಕ್ಕಿನ ಹಗ್ಗದಲ್ಲಿ ಮೇಲಕ್ಕೆ ಎಳೆಯುತ್ತಾರೆ. ಸುಮಾರು 1.4 ಕಿಲೋಮೀಟರ್ ಹಳಿ, 320 ಮೀಟರಿಗೂ ಹೆಚ್ಚಿನ ಏರು. ಜನರಿಗೆ ತೆರೆದದ್ದು 1923ರಲ್ಲಿ. ಒಳಗೆ ಕೂತವನಿಗೆ ಸೆಪ್ಟೆಂಬರ್ 8ರ ಬೆಂಗಳೂರಿನ ಶಿವಾಜಿನಗರ ನೆನಪಾಯಿತು. ಸೇಂಟ್ ಮೇರಿ ತೇರು ಕಾಣಲೆಂದು ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದದ್ದು ಹೀಗೇ.

ಅಷ್ಟು ದೂರ ಹೋಗಿದ್ದು ನನ್ನ ಟೀಚರಮ್ಮನ ದೆಸೆಯಿಂದ. ಶಿವಾಜಿನಗರದಿಂದ ಹಲಸೂರಿನ ಕಡೆ ಹೋಗುವ ದಾರಿಯಲ್ಲಿ, ಚರ್ಚಿನ ಬೆನ್ನಿಗೆ ಅಂಟಿಕೊಂಡ ಒಂದು ಹೆಂಚಿನ ಕೋಣೆ ನಮ್ಮ ಕೆಜಿ ಕ್ಲಾಸು. ತಮಿಳು, ಉರ್ದು, ತೆಲುಗು, ಕನ್ನಡ ಎಲ್ಲವೂ ಒಂದೇ ಚಾಪೆಯ ಮೇಲೆ. ಟೀಚರಮ್ಮ ಖಾಲಿ ಬೆಂಕಿಪೊಟ್ಟಣ ಕೂಡಿಟ್ಟು ತಲೆಗೆ ಎಂಟರಂತೆ ಹಂಚುತ್ತಿದ್ದರು. ಮನೆ ಕಟ್ಟಬಹುದು, ಸೇತುವೆ ಕಟ್ಟಬಹುದು, ಚರ್ಚಿನ ಗೋಪುರ ಕಟ್ಟಬಹುದು. ಕಟ್ಟಳೆ ಒಂದೇ: ‘ಎಂಟೂ ಸೇರಬೇಕು ಕಣೋ, ಒಂದೂ ಹೊರಗೆ ಕೂರಬಾರದು.’ ಹಿತ್ತಲಲ್ಲಿ ಪ್ರತಿ ಮಗುವಿಗೂ ಗೇಣಗಲದ ಪಾತಿ. ಅದರಲ್ಲಿ ಹುರುಳಿಕಾಳು, ಪಕ್ಕದಲ್ಲಿ ಹೆಸರಿನ ಕಡ್ಡಿ. ಇದೆಲ್ಲ ಎಲ್ಲಿ ಕಲಿತಿರಿ ಎಂದು ಅಮ್ಮ ಕೇಳಿದಾಗ ಟೀಚರಮ್ಮ ‘ಎಲ್ಲಾ ಫ್ರೋಬೆಲ್ ಹೇಳಿಕೊಟ್ಟಿದ್ದು’ ಅಂದಿದ್ದರು. ಚರ್ಚಿನ ಹಳೇ ಫಾದರ್ ಇರಬೇಕೆಂದು ಬಹಳ ವರ್ಷ ನಂಬಿದ್ದೆ.

ಬೆಟ್ಟದ ಮೇಲಿನ ಒಬರ್‌ವೈಸ್‌ಬಾಖ್ ಹಳ್ಳಿಗೆ ಬಂದಾಗ, ನಾನು ಪೂರ್ತಿ ತಪ್ಪಿರಲಿಲ್ಲ ಅನ್ನಿಸಿತು. ಫ್ರೀಡ್ರಿಖ್ ಫ್ರೋಬೆಲ್ ಫಾದರ್ ಅಲ್ಲ, ಪಾದ್ರಿಯ ಮಗ. ಹುಟ್ಟಿದ್ದು 1782ರ ಏಪ್ರಿಲ್ 21ರಂದು, ಇದೇ ಊರಿನಲ್ಲಿ. ಊರು ಅಂಗೈಯಷ್ಟು, ಚರ್ಚು ಮಾತ್ರ ಎರಡು ಸಾವಿರ ಜನ ಕೂರುವಂಥದ್ದು. ಕಾಡಿನ ಬೇರು, ಸೊಪ್ಪುಗಳಿಂದ ಔಷಧಿ ಮಾಡಿ, ಬೆನ್ನಿಗೆ ಪೆಟ್ಟಿಗೆ ಕಟ್ಟಿಕೊಂಡು ಊರೂರು ಮಾರುತ್ತಿದ್ದವರ ಸೀಮೆ ಇದು. ಹುಡುಗನಿಗೆ ಒಂಬತ್ತು ತಿಂಗಳಾಗುವಷ್ಟರಲ್ಲಿ ತಾಯಿ ತೀರಿಕೊಂಡರು. ಅಪ್ಪನಿಗೆ ಚರ್ಚಿನ ಕೆಲಸವೇ ಹೊರೆ. ಒಂಟಿ ಮಗುವಿಗೆ ಜೊತೆಯಾಗಿದ್ದು ಮನೆಯ ತೋಟ.

ಬೆಟ್ಟ ಇಳಿದು ಬಾಡ್ ಬ್ಲಾಂಕೆನ್‌ಬುರ್ಗ್‌ಗೆ ಬಂದೆ. 1837ರಲ್ಲಿ ಫ್ರೋಬೆಲ್ ಚಿಕ್ಕ ಮಕ್ಕಳಿಗಾಗಿ ಆಟದ ಶಾಲೆ ತೆರೆದ ಊರು. ಅದಕ್ಕೊಂದು ಹೆಸರು ಸಿಗದೆ ಒದ್ದಾಡುತ್ತಿದ್ದವರಿಗೆ ಗೆಳೆಯರೊಂದಿಗೆ ಬೆಟ್ಟದ ಹಾದಿಯಲ್ಲಿ ಬರುವಾಗ ಹೊಳೆಯಿತಂತೆ: ‘ಕಿಂಡರ್‌ಗಾರ್ಟನ್’, ಮಕ್ಕಳ ತೋಟ. 1840ರ ಜೂನ್ 28ರಂದು ಆ ಹೆಸರು ಅಧಿಕೃತವಾಯಿತು. ನಮ್ಮ ಎಲ್‌ಕೆಜಿಯ ‘ಕೆ’ ಮತ್ತು ‘ಜಿ’ ಇವೇ.

ಆ ಊರಿನ ಫ್ರೋಬೆಲ್ ಮ್ಯೂಸಿಯಂನಲ್ಲಿ ಅಂಗೈಗೆ ಹಿಡಿಸುವ ಮರದ ಪೆಟ್ಟಿಗೆಯೊಂದಿತ್ತು. ಫ್ರೋಬೆಲ್ ಅದನ್ನು ಕರೆದದ್ದು ಮೂರನೇ ‘ಕೊಡುಗೆ’ ಎಂದು. ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿ, ಜಾರುಮುಚ್ಚಳವನ್ನು ಮೆಲ್ಲಗೆ ಎಳೆದು, ಪೆಟ್ಟಿಗೆಯನ್ನು ಮೇಲಕ್ಕೆತ್ತಬೇಕು. ಒಂದು ಇಡೀ ಘನ ನಿಂತಿರುತ್ತದೆ. ಮುಟ್ಟಿದರೆ ಎಂಟು ಪುಟ್ಟ ಘನಗಳು. ಮಗು ಮೊದಲು ಇಡಿಯದನ್ನು ನೋಡಬೇಕು, ಆಮೇಲೆ ಬಿಡಿಸಬೇಕು. ಏನು ಕಟ್ಟಿದರೂ ಎಂಟೂ ಬಳಕೆಯಾಗಬೇಕು, ಆಟ ಮುಗಿದ ಮೇಲೆ ಮತ್ತೆ ಇಡಿಯಾಗಿಸಿ ಪೆಟ್ಟಿಗೆ ಸೇರಿಸಬೇಕು. ಮರದ ಘನಕ್ಕೆ ಕಾಸಿಲ್ಲದ ಟೀಚರಮ್ಮ ಬೆಂಕಿಪೊಟ್ಟಣದಲ್ಲಿ ಅದನ್ನೇ ಮಾಡಿದ್ದರು! ಗಾಜಿನ ಮುಂದೆ ನಿಂತವನಿಗೆ ಗಂಟಲು ಕಟ್ಟಿತು.

ಫ್ರೋಬೆಲ್ ಮೇಷ್ಟರ ಕಡೆಗಾಲ ಸುಖದ್ದಲ್ಲ. 1849ರಲ್ಲಿ ಬರ್ಥಾ ಫಾನ್ ಮಾರೆನ್‌ಹೋಲ್ಟ್ಸ್ ಎಂಬ ಸಿರಿವಂತ ಹೆಂಗಸು, ಅವರು ಆಗ ಇದ್ದ ಲೀಬೆನ್‌ಸ್ಟೈನ್‌ಗೆ ಬಂದಾಗ, ಊರವರು ಫ್ರೋಬೆಲ್ ಬಗ್ಗೆ ಹೇಳಿದ್ದು ‘ಮಕ್ಕಳ ಜೊತೆ ಕುಣಿಯುವ ಮುದಿ ಹುಚ್ಚ’ ಎಂದು. ಆಕೆ ಹೋಗಿ ನೋಡಿ, ಮುಂದಿನ ಬದುಕನ್ನೆಲ್ಲ ಆ ಹುಚ್ಚನ್ನು ಹಬ್ಬಿಸುವುದಕ್ಕೇ ಕೊಟ್ಟರು. 1851ರಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳು ನಾಸ್ತಿಕತೆ ಹರಡುತ್ತವೆಂದು ನಿಷೇಧಿಸಿತು. ಮರುವರ್ಷ ಫ್ರೋಬೆಲ್ ತೀರಿಕೊಂಡರು. ನಿಷೇಧ ಎದ್ದದ್ದು 1860ರಲ್ಲಿ. ಅವರ ಸಮಾಧಿಯ ಮೇಲಿರುವುದು ಘನ, ಉರುಳೆ ಮತ್ತು ಗೋಳ, ಅಂದರೆ ಮಕ್ಕಳ ಆಟದ ಸಾಮಾನು.

ನಾಸ್ತಿಕವೆಂದು ಬೈಸಿಕೊಂಡ ಈ ಶಾಲೆ ನನಗೆ ಸಿಕ್ಕಿದ್ದು ಚರ್ಚಿನ ಹಿತ್ತಲಲ್ಲಿ. ಬೆಂಗಳೂರಿನ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಚರ್ಚು ಎದ್ದ ಕಡೆಯೆಲ್ಲ ಶಾಲೆಯೂ ಏಳುತ್ತಿತ್ತು. 1809ರಲ್ಲಿ ಹಲಸೂರಿನ ಬಯಲಿಗೆ ಸೇನೆ ಬಂತು. 1854ರಲ್ಲಿ ಗುಡ್ ಶೆಫರ್ಡ್ ಸನ್ಯಾಸಿನಿಯರು ಬಂದರು. 1865ರಲ್ಲಿ ಬಿಷಪ್ ಕಾಟನ್ ಶಾಲೆ, 1880ರಲ್ಲಿ ಬಾಲ್ಡ್‌ವಿನ್. ಇವು ಹೆಸರಾದವು. ಬೀದಿ ಮಕ್ಕಳಿಗೆ ಅಕ್ಷರ ಕೊಟ್ಟ ಹಿತ್ತಲ ಕೋಣೆಗಳಿಗೆ ಕಲ್ಲಿನ ಫಲಕವಿಲ್ಲ. ನಮ್ಮ ಕೋಣೆಯೂ ಈಗಿಲ್ಲ. ಪಾತಿಗಳಿದ್ದ ಜಾಗದಲ್ಲಿ ಸ್ಕೂಟರು ನಿಲ್ಲುತ್ತವೆ.

ಫ್ರೋಬೆಲ್ ತೋಟದಲ್ಲೂ ಪ್ರತಿ ಮಗುವಿಗೊಂದು ಪಾತಿ, ಸುತ್ತ ಎಲ್ಲರಿಗೂ ಸೇರಿದ ಪಾತಿ. ನನ್ನದನ್ನು ನಾನು ನೋಡಿಕೊಂಡು, ಎಲ್ಲರದ್ದಕ್ಕೂ ನೀರು ಹೊಯ್ಯಬೇಕು. ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ಈಗ ಗಲ್ಲಿಗೊಂದು ಎಲ್‌ಕೆಜಿ ಇದೆ. ಎಷ್ಟೋ ಕಡೆ ಅಂಗಳಕ್ಕೆಲ್ಲ ಟೈಲ್ಸ್, ಮೂರು ವರ್ಷದ ಕೂಸಿಗೆ ಹೋಂವರ್ಕ್. ಮಗುವನ್ನು ಸೇರಿಸಲು ಹೋದಾಗ ಫೀಸು ಕೇಳಿ, ಬಸ್ಸು ಕೇಳಿ, ಬೇಡವೆನ್ನುವುದಿಲ್ಲ. ಅದಕ್ಕೂ ಮೊದಲು ಹಿತ್ತಲಿಗೆ ಹೋಗಿ, ಒಂದು ಹುರುಳಿಕಾಳು ಹಾಕುವಷ್ಟು ಮಣ್ಣಿದೆಯೇ ನೋಡಿ ಬನ್ನಿ.